ಸಿಮ್ ರೇಸಿಂಗ್‌ನಲ್ಲಿ ಲ್ಯಾಪ್ ಟೈಮ್ ಇಳಿಸುವುದು ಹೇಗೆ? ಬೆಳಗಾವಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಸಿಮ್ ರೇಸಿಂಗ್‌ಗೆ, ಅಂದರೆ ಕಂಪ್ಯೂಟರ್‌ನಲ್ಲಿ ನಿಜದಂತೆ ಕಾರು ಓಡಿಸುವ ಆಟಕ್ಕೆ, ಒಂದು ರಿಗ್ (ಸೀಟು, ವ್ಹೀಲ್, ಪೆಡಲ್ ಕೂಡಿಸಿದ ಚೌಕಟ್ಟು) ಇದೆ. ವಾರದ ಕೊನೆಗೆ ತಿಲಕವಾಡಿ, ಶಹಾಪುರ, ಅನಗೋಳದ ಹುಡುಗರು ಬಂದು ಓಡಿಸುತ್ತಾರೆ. ಗೋಕಾಕ, ಜಮಖಂಡಿ, ವಿಜಯಪುರದಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಅಸೆಟೊ ಕೊರ್ಸಾ, ಅಸೆಟೊ ಕೊರ್ಸಾ ಕಾಂಪಿಟಿಜಿಯೋನೆ ಮತ್ತು ಐರೇಸಿಂಗ್ ಎಂಬ ಸಿಮ್‌ಗಳವು. ಗ್ರ್ಯಾನ್ ಟುರಿಸ್ಮೊ ಆಡುವವರಿಗೂ ಇದೇ ಮಾತು ಅನ್ವಯಿಸುತ್ತದೆ, ಯಾಕೆಂದರೆ ಟೈರ್ ಕೆಲಸ ಮಾಡುವ ರೀತಿ ಎಲ್ಲ ಕಡೆ ಒಂದೇ.

ನನ್ನ ಟೈಮ್ ಒಂದೇ ಕಡೆ ನಿಂತುಬಿಟ್ಟಿದೆ. ಡೈರೆಕ್ಟ್ ಡ್ರೈವ್ ವ್ಹೀಲ್ ಕೊಂಡರೆ ಇಳಿಯುತ್ತಾ?

ಇಲ್ಲ. ಡೈರೆಕ್ಟ್ ಡ್ರೈವ್‌ನಲ್ಲಿ ಸ್ಟಿಯರಿಂಗ್ ನೇರವಾಗಿ ಮೋಟರ್ ಶಾಫ್ಟ್ ಮೇಲೆ ಕೂತಿರುತ್ತದೆ. ಲಾಜಿಟೆಕ್ ಜಿ29ರಂಥ ವ್ಹೀಲ್‌ನಲ್ಲಿ ನಡುವೆ ಗೇರ್‌ಗಳಿರುತ್ತವೆ. ಹಾಗಾಗಿ ಡೈರೆಕ್ಟ್ ಡ್ರೈವ್‌ನಲ್ಲಿ ಸಣ್ಣ ಅಲುಗಾಟವೂ ಕೈಗೆ ಗೊತ್ತಾಗುತ್ತದೆ, ಓಡಿಸುವ ಖುಷಿಯೂ ಜಾಸ್ತಿ. ಆದರೆ ಜಿ29 ಇಟ್ಟುಕೊಂಡೇ ಬಹಳ ವೇಗವಾಗಿ ಓಡಿಸುವವರು ಎಷ್ಟೋ ಜನ ಇದ್ದಾರೆ. ಅವರ ಮತ್ತು ನಿಮ್ಮ ನಡುವಿನ ಎರಡು ಮೂರು ಸೆಕೆಂಡಿನ ಅಂತರ ಮೋಟರ್‌ನಿಂದ ಬಂದದ್ದಲ್ಲ.

ಖರ್ಚು ಮಾಡಲೇಬೇಕು ಅಂದರೆ ಮೊದಲು ಲೋಡ್ ಸೆಲ್ ಇರುವ ಬ್ರೇಕ್ ಪೆಡಲ್ ಕೊಳ್ಳಿ. ಸಾಮಾನ್ಯ ಪೆಡಲ್ ಎಷ್ಟು ದೂರ ಒತ್ತಿದಿರಿ ಎಂದು ಅಳೆಯುತ್ತದೆ. ಲೋಡ್ ಸೆಲ್ ಎಷ್ಟು ಜೋರಾಗಿ ಒತ್ತಿದಿರಿ ಎಂದು ಅಳೆಯುತ್ತದೆ. ಕಾಲಿಗೆ ದೂರಕ್ಕಿಂತ ಒತ್ತಡ ಚೆನ್ನಾಗಿ ನೆನಪಿರುತ್ತದೆ. ಪ್ರತಿ ಲ್ಯಾಪ್‌ನಲ್ಲೂ ಅದೇ ಬ್ರೇಕ್ ಬೀಳಬೇಕು ಅಂದರೆ ಈ ನೆನಪು ಬೇಕು. ಅದಕ್ಕೂ ದುಡ್ಡಿಲ್ಲ ಅಂದರೆ ಚಿಂತೆ ಬೇಡ, ಮುಂದಿನ ಉತ್ತರಗಳನ್ನು ಓದಿ. ಅಲ್ಲಿ ಹೇಳಿರುವುದಕ್ಕೆ ಒಂದು ರೂಪಾಯಿಯೂ ಬೇಡ.

ಹಾಗಾದರೆ ನನ್ನ ಸಮಯ ಎಲ್ಲಿ ಹೋಗುತ್ತಿದೆ?

ನಾನು ನೋಡಿದ ಮಟ್ಟಿಗೆ, ಬ್ರೇಕ್ ಬಿಟ್ಟ ಕ್ಷಣಕ್ಕೂ ಥ್ರಾಟಲ್ (ಆಕ್ಸಲರೇಟರ್) ಒತ್ತಿದ ಕ್ಷಣಕ್ಕೂ ನಡುವೆ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಡಿ ಅಂದರೆ ಇದನ್ನೇ ಹೇಳುತ್ತೇನೆ: ಬ್ರೇಕ್ ಹಾಕುವುದು ಎಲ್ಲರಿಗೂ ಬರುತ್ತದೆ, ಬಿಡುವುದನ್ನು ಕಲಿಯಬೇಕು.

ಲೆಕ್ಕ ನೋಡಿ. ತಿರುವಿನಲ್ಲಿ ನಿಮ್ಮ ವೇಗ ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಬ್ರೇಕ್ ಪೂರ್ತಿ ಬಿಟ್ಟು, ಥ್ರಾಟಲ್ ಇನ್ನೂ ಒತ್ತದೆ 0.4 ಸೆಕೆಂಡು ಸುಮ್ನೆ ತೇಲಿದಿರಿ ಅಂದುಕೊಳ್ಳಿ. 10 ಮೀಟರ್ ದೂರ ಕಾರಿಗೆ ನೀವು ಏನೂ ಹೇಳಲಿಲ್ಲ. ಅಷ್ಟು ಹೊತ್ತು ಬ್ರೇಕ್ ಇನ್ನೊಂದಿಷ್ಟು ಹಿಡಿಯಬಹುದಿತ್ತು, ಅಂದರೆ ಬ್ರೇಕ್ ತುಸು ತಡವಾಗಿ ಶುರು ಮಾಡಬಹುದಿತ್ತು. ಇಲ್ಲವೇ ಥ್ರಾಟಲ್ ಬೇಗ ಕೊಡಬಹುದಿತ್ತು. ಇಟಲಿಯ ಮಾಂಜಾ ಟ್ರ್ಯಾಕ್‌ನಲ್ಲಿ 11 ತಿರುವುಗಳಿವೆ. ಎಲ್ಲ ಕಡೆ ಚೂರು ಚೂರು ಹೀಗೆ ಹೋದರೆ ಒಟ್ಟು ಎಷ್ಟಾಯಿತು, ನೀವೇ ನೋಡಿ.

ನಿಮ್ಮದೇ ಡ್ರೈವಿಂಗ್‌ನಲ್ಲಿ ಇದನ್ನು ಹಿಡಿಯಲು ಪರದೆಯಲ್ಲಿ ಪೆಡಲ್ ಗೆರೆಗಳನ್ನು ಹಾಕಿಕೊಳ್ಳಿ. ಹೆಚ್ಚಿನ ಸಿಮ್‌ಗಳಲ್ಲಿ ಆ ಸೌಲಭ್ಯ ಅದರಲ್ಲೇ ಇದೆ, ಇಲ್ಲವೇ ಸಣ್ಣ ಆ್ಯಪ್ ಸೇರಿಸಿದರೆ ಬರುತ್ತದೆ. ರಿಪ್ಲೇ ಹಾಕಿ ಬ್ರೇಕ್‌ನ ಕೆಂಪು ಗೆರೆ ಮುಗಿದು ಥ್ರಾಟಲ್‌ನ ಹಸಿರು ಗೆರೆ ಶುರುವಾಗುವ ತನಕ ಎಷ್ಟು ಖಾಲಿ ಜಾಗ ಇದೆ ನೋಡಿ.

ಟ್ರೈಲ್ ಬ್ರೇಕಿಂಗ್ ಅಂದರೆ ನಿಜವಾಗಿ ಏನು? ಎಷ್ಟು ವಿಡಿಯೋ ನೋಡಿದರೂ ಕಾಲಿಗೆ ಹತ್ತುತ್ತಿಲ್ಲ.

ಸ್ಟಿಯರಿಂಗ್ ತಿರುಗಿಸಲು ಶುರು ಮಾಡಿದ ಮೇಲೂ ಬ್ರೇಕ್ ಪೂರ್ತಿ ಬಿಡದೆ, ಎಪೆಕ್ಸ್ (ತಿರುವಿನ ಒಳ ಅಂಚಿಗೆ ಕಾರು ಅತಿ ಹತ್ತಿರ ಬರುವ ಜಾಗ) ಕಡೆಗೆ ಹೋಗುತ್ತಾ ಸ್ವಲ್ಪ ಸ್ವಲ್ಪವೇ ಇಳಿಸುವುದು. ಮಾಡುವ ಕೆಲಸ ಇಷ್ಟೇ. ಯಾಕೆ ಮಾಡಬೇಕು ಅಂತ ತಿಳಿದರೆ ಕಾಲಿಗೂ ಬೇಗ ಹತ್ತುತ್ತದೆ.

ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಭಾರ ಬಿದ್ದ ಟೈರ್‌ಗೆ ಹಿಡಿತ ಜಾಸ್ತಿ. ಅಂದರೆ ಮೂತಿ ತಿರುಗಿಸಲು ಅದೇ ಸರಿಯಾದ ಹೊತ್ತು. ಆ ಹೊತ್ತಿನಲ್ಲಿ ಬ್ರೇಕನ್ನು ಒಮ್ಮೆಲೇ ಬಿಟ್ಟರೆ ಭಾರ ಹಿಂದಕ್ಕೆ ಹೋಗಿ ಮೂತಿ ಹಗುರಾಗುತ್ತದೆ, ಕಾರು ನೇರಕ್ಕೆ ಹೋಗುತ್ತದೆ. ಇನ್ನೊಂದು ಕಡೆ, ಟೈರ್‌ಗೆ ಇರುವ ಒಟ್ಟು ಹಿಡಿತಕ್ಕೂ ಮಿತಿ ಇದೆ. ಅದನ್ನು ಬ್ರೇಕ್‌ಗೂ ತಿರುವಿಗೂ ಹಂಚಬೇಕು. ಸ್ಟಿಯರಿಂಗ್ ಹೆಚ್ಚಾದಂತೆ ಬ್ರೇಕ್ ಕಡಿಮೆ ಆಗಬೇಕು. ಎರಡೂ ಪೂರ್ತಿ ಕೇಳಿದರೆ ಟೈರ್ ಕೊಡುವುದಿಲ್ಲ.

ಗೋಕಾಕದಿಂದ ಬರುವ ಹುಡುಗನೊಬ್ಬ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕ್‌ನ ಸಣ್ಣ ಸರ್ಕ್ಯೂಟ್‌ನಲ್ಲಿ ಮಜ್ದಾ ಎಂಎಕ್ಸ್-5 ಓಡಿಸುತ್ತಿದ್ದ. ಅಲ್ಲಿ ಇಳಿಜಾರಿನ ಪ್ಯಾಡಕ್ ಹಿಲ್ ತಿರುವು ಮುಗಿದ ಮೇಲೆ ಏರು ಬರುತ್ತದೆ, ಏರಿನ ತುದಿಯಲ್ಲಿ ಡ್ರೂಯಿಡ್ಸ್ ಎಂಬ ಬಲಕ್ಕೆ ತಿರುಗುವ ಹೇರ್‌ಪಿನ್. ಅವನ ಕೆಂಪು ಗೆರೆ ಅಲ್ಲಿ ಗೋಡೆಯಂತೆ ಮೇಲೆದ್ದು, ಮೇಲೆ ಸಪಾಟಾಗಿ ಓಡಿ, ಗೋಡೆಯಂತೆಯೇ ಕೆಳಗೆ ಬೀಳುತ್ತಿತ್ತು. ಆಮೇಲೆ ಖಾಲಿ. ಆ ಖಾಲಿ ಜಾಗದಲ್ಲೇ ಅವನು ಸ್ಟಿಯರಿಂಗ್ ತಿರುಗಿಸುತ್ತಿದ್ದ, ಕಾರು ಮಾತ್ರ ಎಪೆಕ್ಸ್‌ನಿಂದ ಒಂದು ಕಾರಿನಷ್ಟು ಹೊರಗೆ ಹೋಗುತ್ತಿತ್ತು. ಅವನು ಪರದೆ ನೋಡುತ್ತಿದ್ದ, ನಾನು ಅವನ ಕಾಲು ನೋಡಿದೆ. ತಿರುಗಿಸುವ ಕ್ಷಣಕ್ಕೆ ಇಡೀ ಪಾದ ಪೆಡಲ್‌ನಿಂದ ಮೇಲಕ್ಕೆ ಹಾರುತ್ತಿತ್ತು.

ಹಿಮ್ಮಡಿಯನ್ನು ನೆಲಕ್ಕೆ ಊರಿ, ಪಾದದ ಮುಂಭಾಗ ಮಾತ್ರ ಪೆಡಲ್ ಮೇಲಿಡು ಎಂದೆ. ಶೂ ತೆಗೆಸಿದೆ. ಬ್ರೇಕ್ ಬಿಡುವಾಗ ಪಾದ ಎತ್ತಬೇಡ, ಬೆರಳುಗಳನ್ನು ಸಡಿಲಿಸು. ಸೊಂಟದ ಮೇಲಿನ ತುಂಬಿದ ಕೊಡವನ್ನು ನೀರು ತುಳುಕದ ಹಾಗೆ ಕೆಳಗಿಳಿಸುತ್ತಾರಲ್ಲ, ಹಾಗೆ. ಅದೇ ಸಂಜೆ ಅವನ ಕೆಂಪು ಗೆರೆಗೆ ಬಾಲ ಬಂತು: ಮೇಲಿಂದ ನಿಧಾನವಾಗಿ ಇಳಿದು ಎಪೆಕ್ಸ್ ಹತ್ತಿರ ಸೊನ್ನೆಗೆ ಮುಟ್ಟುವ ಇಳಿಜಾರು. ಕಾರು ತಾನಾಗಿ ಒಳಗೆ ಬಂತು. ಅವನು ಸ್ಟಿಯರಿಂಗ್ ಮೊದಲಿಗಿಂತ ಕಡಿಮೆ ತಿರುಗಿಸುತ್ತಿದ್ದ.

ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ಒಂದು ನಿಧಾನದ ತಿರುವು ಆರಿಸಿ. ಎಂದಿಗಿಂತ ಬೇಗ ಬ್ರೇಕ್ ಶುರು ಮಾಡಿ, ಅರ್ಧ ಮಾತ್ರ ಒತ್ತಿ. ಎಪೆಕ್ಸ್ ಮುಟ್ಟುವ ತನಕ ಬ್ರೇಕ್ ಸೊನ್ನೆ ಆಗಬಾರದು, ಇದೊಂದೇ ನಿಯಮ. ಟೈಮ್ ಕೆಡುತ್ತದೆ, ಕೆಡಲಿ. ಬಿಡುವುದು ಕೈವಶವಾದ ಮೇಲೆ ಬ್ರೇಕ್ ಜಾಗವನ್ನು ಸ್ವಲ್ಪ ಸ್ವಲ್ಪ ಮುಂದೆ ತಳ್ಳಿ. ಉಲ್ಟಾ ಕ್ರಮದಲ್ಲಿ, ಅಂದರೆ ಮೊದಲು ತಡವಾದ ಬ್ರೇಕ್, ಆಮೇಲೆ ಬಿಡುವುದು ಅಂತ ಹೊರಟವರು ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಕೊಳ್ಳುವುದನ್ನು ನೋಡಿದ್ದೇನೆ.

ಎಲ್ಲ ಕಾರಿಗೂ ಒಂದೇ ಅಳತೆಯ ಬಾಲ ಅಲ್ಲ. ಜಿಟಿ3 ಎಂಬ ವರ್ಗದ ರೇಸ್ ಕಾರುಗಳಿಗೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ, ಮೊದಲ ಏಟಿಗೆ ಜೋರಾಗಿ ಒತ್ತಬಹುದು. ಫಾರ್ಮುಲಾ ಕಾರುಗಳಲ್ಲಿ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧವಾದರೆ ಆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. 250ರಲ್ಲಿ ತಡೆದುಕೊಂಡ ಬ್ರೇಕ್ 125ರಲ್ಲಿ ಚಕ್ರ ಲಾಕ್ ಮಾಡುತ್ತದೆ. ಅಲ್ಲಿ ನೇರ ರಸ್ತೆಯಲ್ಲಿರುವಾಗಲೇ ಬ್ರೇಕ್ ಇಳಿಸಲು ಶುರು ಮಾಡಬೇಕು.

ಇನ್ನೂ ತಡವಾಗಿ ಬ್ರೇಕ್ ಹಾಕಿದರೆ ಬೇಗ ಆಗುವುದಿಲ್ಲವೇ?

ಎಪೆಕ್ಸ್ ತಪ್ಪದಿದ್ದರೆ ಆಗುತ್ತದೆ. ತಪ್ಪಿದರೆ ಗಳಿಸಿದ್ದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ. ಒಂದು ಕಿಲೋಮೀಟರ್ ನೇರ ರಸ್ತೆಯನ್ನು ಸರಾಸರಿ 200ರಲ್ಲಿ ದಾಟಲು 18 ಸೆಕೆಂಡು ಬೇಕು. ತಿರುವಿನಿಂದ ಚೆನ್ನಾಗಿ ಹೊರಬಂದು ಸರಾಸರಿ 202 ಆದರೆ ಸುಮಾರು 0.18 ಸೆಕೆಂಡು ಉಳಿಯಿತು. ಅದಕ್ಕೇ ಉದ್ದದ ನೇರ ರಸ್ತೆಗೆ ಮುಂಚಿನ ತಿರುವಿನಲ್ಲಿ ಒಳಗೆ ಹೋಗುವ ಧೈರ್ಯಕ್ಕಿಂತ ಹೊರಗೆ ಬರುವ ವೇಗ ದೊಡ್ಡದು. ಮಾಂಜಾದ ಕೊನೆಯ ತಿರುವು ಪರಾಬೊಲಿಕಾ, 2021ರಿಂದ ಅದರ ಹೆಸರು ಕರ್ವಾ ಅಲ್ಬೊರೆಟೊ, ಇದಕ್ಕೆ ಒಳ್ಳೆಯ ಪಾಠಶಾಲೆ. ಅಲ್ಲಿ ಥ್ರಾಟಲ್ ಒಮ್ಮೆ ಒತ್ತಿದರೆ ಮತ್ತೆ ಬಿಡಬೇಕಾದ ಪರಿಸ್ಥಿತಿ ಬರಬಾರದು. ಬಂದರೆ ಬೇಗ ಒತ್ತಿದಿರಿ ಅಂತ ಅರ್ಥ.

ಸರಿಯಾದ ಲೈನ್ ಯಾವುದು? ಪರದೆಯಲ್ಲಿ ಬರುವ ಬಣ್ಣದ ಗೆರೆ ನೋಡಿ ಓಡಿಸಬಹುದಾ?

ಟ್ರ್ಯಾಕ್ ಯಾವ ಕಡೆ ತಿರುಗುತ್ತದೆ ಎಂದು ತಿಳಿಯುವ ತನಕ ಗೆರೆ ಇರಲಿ. ಆಮೇಲೆ ತೆಗೆದುಬಿಡಿ. ಗೆರೆ ಇದ್ದರೆ ಕಣ್ಣು ಬಾನೆಟ್ ಮುಂದಿನ ಬಣ್ಣವನ್ನೇ ನೋಡುತ್ತದೆ. ನೋಡಬೇಕಾದದ್ದು ಮುಂದಿನ ಜಾಗ: ಬ್ರೇಕ್ ಹಾಕುವ ಮೊದಲೇ ಎಪೆಕ್ಸ್, ಎಪೆಕ್ಸ್ ಮುಟ್ಟುವ ಮೊದಲೇ ಹೊರದಾರಿ.

ಲೈನ್‌ನ ಗುಟ್ಟು ಅಗಲದಲ್ಲಿದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 1.2 ಜಿ (ಕಾರಿನ ತೂಕದ 1.2 ಪಟ್ಟು) ಹಿಡಿತ ಇದ್ದರೆ ಸುಮಾರು 87 ಕಿ.ಮೀ. ವೇಗ ಸಿಗುತ್ತದೆ. ಟ್ರ್ಯಾಕ್‌ನ ಪೂರ್ತಿ ಅಗಲ ಬಳಸಿ ಅದೇ ತಿರುವನ್ನು 60 ಮೀಟರ್ ಮಾಡಿಕೊಂಡರೆ ಸುಮಾರು 96. ಕಾರು ಬದಲಾಗಲಿಲ್ಲ, ಟೈರ್ ಬದಲಾಗಲಿಲ್ಲ. ಹೊಸಬರ ರಿಪ್ಲೇ ನೋಡಿದರೆ ಹೊರಗಿನ ಬಿಳಿ ಗೆರೆಗೂ ಕಾರಿಗೂ ನಡುವೆ ಒಂದು ಮೀಟರ್, ಎಪೆಕ್ಸ್‌ನಲ್ಲಿ ಒಂದು ಮೀಟರ್, ಹೊರಬರುವಾಗ ಮತ್ತೊಂದು ಮೀಟರ್ ಜಾಗ ಉಳಿದಿರುತ್ತದೆ. ಹೊರಗಿನಿಂದ ಕ್ಯಾಮೆರಾ ಹಾಕಿ ನೋಡಿ, ನಿಮಗೇ ಆಶ್ಚರ್ಯ ಆಗುತ್ತದೆ.

ಹೇರ್‌ಪಿನ್‌ನಲ್ಲಿ ಎಪೆಕ್ಸ್ ಸ್ವಲ್ಪ ತಡವಾಗಿ ಮುಟ್ಟಿ. ವೇಗದ ತಿರುವಿನಲ್ಲಿ ಅಷ್ಟು ತಡ ಬೇಡ.

ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಸೆಟಪ್ (ಕಾರಿನ ಹೊಂದಾಣಿಕೆ) ಸರಿ ಇಲ್ವಾ?

ಪೂರ್ತಿ ತಿರುಗಿಸಿದ್ದೇ ಸಮಸ್ಯೆ. ಟೈರ್ ಒಂದು ಕೋನದ ತನಕ ಹಿಡಿತ ಕೊಡುತ್ತದೆ, ಅದನ್ನು ದಾಟಿದರೆ ಕಡಿಮೆ ಕೊಡುತ್ತದೆ. ಆ ಗಡಿ ದಾಟಿದಾಗ ಸ್ಟಿಯರಿಂಗ್ ಕೈಯಲ್ಲಿ ಹಗುರಾಗುತ್ತದೆ. ಹಗುರಾಯಿತು ಅಂದ ಕೂಡಲೇ ಇನ್ನಷ್ಟು ತಿರುಗಿಸುವುದು ಎಲ್ಲರ ಸಹಜ ಪ್ರತಿಕ್ರಿಯೆ. ಮಾಡಬೇಕಾದ್ದು ಅದರ ವಿರುದ್ಧ: ಸ್ವಲ್ಪ ವಾಪಸ್ ತನ್ನಿ, ಥ್ರಾಟಲ್ ಕಡಿಮೆ ಮಾಡಿ, ಟೈರ್ ಮತ್ತೆ ಹಿಡಿಯುತ್ತದೆ. ಆಮೇಲೂ ಪ್ರತಿ ಲ್ಯಾಪ್‌ನಲ್ಲಿ ಅದೇ ಆದರೆ ಬ್ರೇಕ್ ಬೇಗ ಬಿಡುತ್ತಿದ್ದೀರಿ, ಇಲ್ಲವೇ ವೇಗ ಜಾಸ್ತಿ ತರುತ್ತಿದ್ದೀರಿ.

ಹಿಂಭಾಗ ಜಾರಿ ಸುತ್ತಿಬಿಡುತ್ತದೆ.

ಎಲ್ಲಿ ಜಾರುತ್ತದೆ ಎಂದು ಮೊದಲು ನೋಡಿ. ಒಳಗೆ ಹೋಗುವಾಗ ಜಾರಿದರೆ ಬ್ರೇಕ್ ಮತ್ತು ಸ್ಟಿಯರಿಂಗ್ ಎರಡೂ ಜಾಸ್ತಿ ಆಯಿತು, ಅಥವಾ ಗೇರ್ ಬೇಗ ಇಳಿಸಿ ಹಿಂದಿನ ಚಕ್ರಕ್ಕೆ ಎಂಜಿನ್ ಏಟು ಬಿತ್ತು. ನಡುವೆ ಜಾರಿದರೆ ಹೆಚ್ಚಾಗಿ ಥ್ರಾಟಲ್ ಥಟ್ಟನೆ ಬಿಟ್ಟಿರುತ್ತೀರಿ. ಹೊರಗೆ ಬರುವಾಗ ಜಾರಿದರೆ ಸ್ಟಿಯರಿಂಗ್ ನೇರ ಆಗುವ ಮೊದಲೇ ಥ್ರಾಟಲ್ ಕೊಟ್ಟಿದ್ದೀರಿ. ಸ್ಟಿಯರಿಂಗ್ ಎಷ್ಟು ಬಿಚ್ಚುತ್ತೀರೋ ಅಷ್ಟೇ ಥ್ರಾಟಲ್. ಜಾರಿದ ಕಡೆಗೇ ಸ್ಟಿಯರಿಂಗ್ ಕೊಟ್ಟು ಹಿಡಿದ ಮೇಲೆ ಬೇಗ ವಾಪಸ್ ತರುವುದನ್ನು ಮರೆಯಬೇಡಿ. ತಡವಾದರೆ ಕಾರು ಇನ್ನೊಂದು ಕಡೆಗೆ ಎಸೆಯುತ್ತದೆ.

ಎಫ್‌ಒವಿ (ಪರದೆಯಲ್ಲಿ ಕಾಣುವ ನೋಟದ ಕೋನ) ಎಷ್ಟಿಡಬೇಕು?

ಲೆಕ್ಕ ಹಾಕಿ ಇಡಬೇಕು, ಇಷ್ಟಕ್ಕೆ ಬಿಡುವ ವಿಷಯ ಅಲ್ಲ. ಮಾನಿಟರ್ ಅಗಲ ಮತ್ತು ಕಣ್ಣಿನಿಂದ ಅದರ ದೂರ, ಇವೆರಡೇ ಬೇಕು. 27 ಇಂಚಿನ ಸಾಮಾನ್ಯ ಮಾನಿಟರ್ ಸುಮಾರು 60 ಸೆಂ.ಮೀ. ಅಗಲ ಇರುತ್ತದೆ. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿದ್ದರೆ ಅಡ್ಡ ಕೋನ ಸುಮಾರು 53 ಡಿಗ್ರಿ, ಲಂಬ ಕೋನ ಸುಮಾರು 31. ಅಸೆಟೊ ಕೊರ್ಸಾ ಲಂಬ ಕೋನ ಕೇಳುತ್ತದೆ, ಐರೇಸಿಂಗ್ ಅಡ್ಡ ಕೋನ ಕೇಳುತ್ತದೆ. ಇದನ್ನು ತಪ್ಪಾಗಿ ಹಾಕಿ ಒದ್ದಾಡುವವರು ಬಹಳ.

ಸರಿಯಾದ ಲೆಕ್ಕ ಹಾಕಿದಾಗ ಮೊದಲು ಕನ್ನಡಿಯೂ ಕಾಣುವುದಿಲ್ಲ, ಕೊಳವೆಯಲ್ಲಿ ನೋಡಿದಂತೆ ಅನಿಸುತ್ತದೆ. ವೇಗದ ಅನುಭವವೂ ಕಡಿಮೆ ಆಗುತ್ತದೆ. ಒಂದು ವಾರ ಸಹಿಸಿಕೊಳ್ಳಿ. ದೂರದ ಅಂದಾಜು ಸರಿಯಾಗುತ್ತದೆ, ಎಪೆಕ್ಸ್ ಎಷ್ಟು ದೂರ ಇದೆ ಅಂತ ಕಣ್ಣು ಹೇಳುತ್ತದೆ. ಮಾನಿಟರನ್ನು ವ್ಹೀಲ್‌ನ ಹಿಂದೆಯೇ, ಆದಷ್ಟು ಹತ್ತಿರ ತನ್ನಿ. ಹತ್ತಿರ ತಂದಷ್ಟೂ ಕೋನ ಹಿಗ್ಗುತ್ತದೆ, ಅದಕ್ಕೂ ಖರ್ಚಿಲ್ಲ.

ಫೋರ್ಸ್ ಫೀಡ್‌ಬ್ಯಾಕ್ ಪೂರ್ತಿ ಏರಿಸಿದರೆ ಚೆನ್ನಾಗಿ ಗೊತ್ತಾಗುತ್ತಾ?

ಉಲ್ಟಾ. ಫೋರ್ಸ್ ಫೀಡ್‌ಬ್ಯಾಕ್ ಅಂದರೆ ವ್ಹೀಲ್‌ನ ಮೋಟರ್ ಕೈಗೆ ಕೊಡುವ ಬಲ. ಮೋಟರ್‌ನ ಶಕ್ತಿ ಮುಗಿದ ಮೇಲೆ ಸಿಮ್ ಎಷ್ಟೇ ಕೇಳಿದರೂ ಅದೇ ಬಲ ಬರುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಆಗ ಟೈರ್ ಹಿಡಿದಿದೆಯೋ ಬಿಟ್ಟಿದೆಯೋ ಕೈಗೆ ತಿಳಿಯುವುದಿಲ್ಲ. ವೇಗದ ಉದ್ದ ತಿರುವಿನಲ್ಲಿ ಪರದೆಯ ಬಲದ ಮೀಟರ್ ಮೇಲಿನ ಅಂಚಿಗೆ ಅಂಟಿಕೊಳ್ಳದ ಹಾಗೆ ಗೇನ್ (ಒಟ್ಟು ಬಲದ ಮಟ್ಟ) ಇಳಿಸಿ. ಡ್ಯಾಂಪಿಂಗ್, ಸ್ಪ್ರಿಂಗ್ ಎಂಬ ಸೇರಿಕೆಗಳನ್ನು ಸಣ್ಣ ವ್ಹೀಲ್‌ಗಳಲ್ಲಿ ಸೊನ್ನೆ ಮಾಡಿ.

ರಿಗ್ ತರಿಸಿದರೆ ದುಬಾರಿ. ಊರಲ್ಲೇ ಮಾಡಿಸಬಹುದಾ?

ಖಂಡಿತ ಮಾಡಿಸಿ. ಬೆಳಗಾವಿಯವರಿಗೆ ಈ ವಿಷಯದಲ್ಲಿ ಭಾಗ್ಯ ಇದೆ. ಫೌಂಡ್ರಿ, ಹೈಡ್ರಾಲಿಕ್ಸ್ ಕೆಲಸಕ್ಕೆ ಹೆಸರಾದ ಊರು. ಉದ್ಯಮಬಾಗ್‌ನಲ್ಲಿ ಫ್ಯಾಬ್ರಿಕೇಶನ್ ಮಾಡುವವರಿಗೆ ಒಂದು ಚಿತ್ರ ಬರೆದುಕೊಟ್ಟರೆ ಸಾಕು. 40 ಗುಣಿಸು 40 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಚೌಕ ಪೈಪ್, 2 ಮಿ.ಮೀ. ದಪ್ಪದ್ದು, ಮನೆಯ ರಿಗ್‌ಗೆ ಗಟ್ಟಿಯಾಗಿ ಸಾಕಾಗುತ್ತದೆ. ಸೀಟಿಗೆ ಹಳೆಯ ಕಾರಿನ ಮುಂದಿನ ಸೀಟು, ರೈಲ್ ಸಮೇತ, ಗುಜರಿಯಲ್ಲಿ ಸಿಗುತ್ತದೆ.

ಎರಡು ಮಾತು ಒತ್ತಿ ಹೇಳಿ. ಒಂದು, ಪೆಡಲ್ ತಟ್ಟೆ ಒಂದು ಕೂದಲಿನಷ್ಟೂ ಬಾಗಬಾರದು. ತಟ್ಟೆ ಬಾಗಿದರೆ ಬ್ರೇಕ್ ಒತ್ತಡ ಪ್ರತಿ ಸಲ ಬೇರೆ ಬರುತ್ತದೆ, ಲೋಡ್ ಸೆಲ್ ಕೊಂಡದ್ದೂ ವ್ಯರ್ಥ. ಅದರ ಕೆಳಗೆ ಅಡ್ಡ ಪೈಪ್ ಹಾಕಿಸಿ. ಎರಡು, ವ್ಹೀಲ್ ಮತ್ತು ಪೆಡಲ್‌ನ ಬೋಲ್ಟ್ ತೂತುಗಳ ಅಳತೆಯನ್ನು ಕಂಪನಿ ಕೊಟ್ಟ ಚಿತ್ರದಿಂದಲೇ ತೆಗೆದು ಕೊಡಿ. ಸುಮ್ನೆ ಅಂದಾಜಿಗೆ ತೂತು ಹೊಡೆಸಬೇಡಿ.

ರಿಗ್ ಇಲ್ಲದವರು ಮೇಜಿಗೆ ವ್ಹೀಲ್ ಕಚ್ಚಿಸಿಕೊಂಡು ಓಡಿಸಿ, ತೊಂದರೆ ಇಲ್ಲ. ಗಾಲಿ ಕುರ್ಚಿ ಮಾತ್ರ ಬೇಡ, ಬ್ರೇಕ್ ಒತ್ತಿದಾಗ ಹಿಂದಕ್ಕೆ ಓಡುತ್ತದೆ. ಪೆಡಲ್ ಹಿಂದೆ ಗೋಡೆ ಇರಲಿ.

ಒಳ್ಳೆಯ ಸೆಟಪ್ ಎಲ್ಲಿ ಸಿಗುತ್ತದೆ?

ಸದ್ಯಕ್ಕೆ ಬೇಡ. ಒಂದು ಸಾಲಿನಲ್ಲಿ ಹತ್ತು ಲ್ಯಾಪ್ ಓಡಿಸಿ, ಅವು ಒಂದಕ್ಕೊಂದು ಅರ್ಧ ಸೆಕೆಂಡಿನ ಒಳಗೆ ಇರುವ ತನಕ ಸೆಟಪ್ ಬದಲಿಸಿದರೆ ಏನಾಯಿತು ಅಂತ ನಿಮಗೇ ತಿಳಿಯುವುದಿಲ್ಲ. ಕಾಂಪಿಟಿಜಿಯೋನೆಯಲ್ಲಿ ಸೇಫ್, ಅಗ್ರೆಸಿವ್ ಎಂಬ ತಯಾರಿ ಸೆಟಪ್‌ಗಳಿವೆ. ಕಾರು ಹಿಡಿತಕ್ಕೆ ಬರುವ ತನಕ ಸೇಫ್, ಆಮೇಲೆ ಅಗ್ರೆಸಿವ್.

ಟೈರ್ ಗಾಳಿ ಮಾತ್ರ ಮೊದಲ ದಿನದಿಂದಲೇ ನೋಡಿ. 2023ರ 1.9 ಆವೃತ್ತಿಯಿಂದ ಕಾಂಪಿಟಿಜಿಯೋನೆಯ ಜಿಟಿ3 ಒಣ ಟೈರ್‌ಗೆ ಬಿಸಿಯಾದ ಮೇಲೆ 26ರಿಂದ 27 ಪಿಎಸ್‌ಐ ನಡುವೆ ಇರುವುದು ಒಳ್ಳೆಯದು. ಹಳೆಯ ವಿಡಿಯೋಗಳಲ್ಲಿ 27.5ರ ಆಸುಪಾಸು ಹೇಳುತ್ತಾರೆ, ಅದು ಹಿಂದಿನ ಆವೃತ್ತಿಗೆ ಸರಿ. ಮೂರು ನಾಲ್ಕು ಲ್ಯಾಪ್ ಓಡಿಸಿ ಬಿಸಿಯಾದ ಮೇಲೆ ಓದಿ, ಪಿಟ್‌ನಲ್ಲಿ ನಿಂತಾಗಿನ ಅಂಕಿ ನೋಡಬೇಡಿ. ಇಂಧನವೂ ಲೆಕ್ಕಕ್ಕಿದೆ. 60 ಲೀಟರ್ ಪೆಟ್ರೋಲ್ ಅಂದರೆ ಸುಮಾರು 45 ಕಿಲೋ. ಕಡಿಮೆ ಇಂಧನದಲ್ಲಿ ಓಡಿಸಿದ ಯಾರದೋ ಹಾಟ್ ಲ್ಯಾಪ್ ಜೊತೆ ನಿಮ್ಮ ತುಂಬಿದ ಟ್ಯಾಂಕಿನ ಟೈಮ್ ಹೋಲಿಸಿ ಬೇಜಾರಾಗಬೇಡಿ.

ಯಾವ ಕಾರು, ಯಾವ ಟ್ರ್ಯಾಕ್‌ನಿಂದ ಶುರು ಮಾಡಲಿ? ದಿನಕ್ಕೆ ಎಷ್ಟು ಹೊತ್ತು?

ಎಂಎಕ್ಸ್-5 ಥರದ ಕಡಿಮೆ ಶಕ್ತಿಯ, ಎಂಜಿನ್ ಬಲ ಹಿಂದಿನ ಚಕ್ರಗಳಿಗೆ ಹೋಗುವ ಕಾರು. ಐರೇಸಿಂಗ್‌ನಲ್ಲಿ ಅದು ಚಂದಾದ ಜೊತೆಗೇ ಬರುತ್ತದೆ. ಇದರಲ್ಲಿ ಭಾರ ಹಿಂದೆ ಮುಂದೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಶಕ್ತಿ ಕಡಿಮೆ ಇರುವುದರಿಂದ ತಿರುವಿನಲ್ಲಿ ಕಳೆದ ವೇಗ ಬೇಗ ವಾಪಸ್ ಬರುವುದಿಲ್ಲ. ತಪ್ಪು ಅಲ್ಲೇ ತಿಳಿಯುತ್ತದೆ. ಟ್ರ್ಯಾಕ್ ಸಣ್ಣದಿರಲಿ. ಬ್ರ್ಯಾಂಡ್ಸ್ ಹ್ಯಾಚ್‌ನ ಸಣ್ಣ ಸರ್ಕ್ಯೂಟ್ 2 ಕಿ.ಮೀ.ಗೂ ಕಡಿಮೆ. ಒಂದು ನಿಮಿಷಕ್ಕೆ ಅದೇ ತಿರುವು ಮತ್ತೆ ಬರುತ್ತದೆ. ಜರ್ಮನಿಯ 20.8 ಕಿ.ಮೀ.ಯ ನಾರ್ಡ್‌ಶ್ಲೈಫೆ ಟ್ರ್ಯಾಕ್ ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಕಲಿಯಲು ಅಲ್ಲ: ಒಂದು ತಿರುವು ಕೆಡಿಸಿಕೊಂಡರೆ ಮತ್ತೆ ಅಲ್ಲಿಗೆ ಬರಲು ಏಳೆಂಟು ನಿಮಿಷ ಕಾಯಬೇಕು.

ಅರ್ಧ ಗಂಟೆ ಓಡಿಸಿ, ಎದ್ದು ನೀರು ಕುಡಿದು, ಬೇಕಾದರೆ ಇನ್ನೊಂದು ಅರ್ಧ ಗಂಟೆ. ಕೂರುವ ಮುಂಚೆ ಇವತ್ತು ಯಾವ ತಿರುವು ಅಂತ ನಿಶ್ಚಯ ಮಾಡಿಕೊಳ್ಳಿ. ರಾತ್ರಿ ಎರಡರ ತನಕ ಕೂತು ಸಿಟ್ಟಿನಲ್ಲಿ ಓಡಿಸಿದ ಲ್ಯಾಪ್‌ಗಳಿಂದ ಕಾಲಿಗೆ ಕೆಟ್ಟ ಚಾಳಿ ಮಾತ್ರ ಹತ್ತುತ್ತದೆ.

ಟೆಲಿಮೆಟ್ರಿ (ಓಡಿಸುವಾಗ ದಾಖಲಾದ ವೇಗ, ಪೆಡಲ್‌ಗಳ ದತ್ತಾಂಶ) ನನ್ನಂಥವನಿಗೆ ಬೇಕಾ? ಗ್ರಾಫ್ ನೋಡಿದರೆ ತಲೆ ತಿರುಗುತ್ತದೆ.

ಬೇಕು. ಮೂರೇ ಗೆರೆ ನೋಡಿ: ವೇಗ, ಬ್ರೇಕ್, ಥ್ರಾಟಲ್. ಕಾಂಪಿಟಿಜಿಯೋನೆಯ ದತ್ತಾಂಶ ಮೋಟೆಕ್ ಐ2 ತಂತ್ರಾಂಶದಲ್ಲಿ ತೆರೆಯುತ್ತದೆ. ಅದೇ ತಂತ್ರಾಂಶವನ್ನು ನಿಜವಾದ ರೇಸ್ ತಂಡಗಳೂ ಬಳಸುತ್ತವೆ. ಐರೇಸಿಂಗ್‌ನವರಿಗೆ ಇದೇ ಕೆಲಸಕ್ಕೆ ಗ್ಯಾರೇಜ್ 61 ಇದೆ. ನಿಮಗಿಂತ ಒಂದು ಸೆಕೆಂಡು ಬೇಗ ಇರುವವರ ಲ್ಯಾಪನ್ನು ನಿಮ್ಮದರ ಮೇಲೆ ಇಡಿ. ವಿಶ್ವದಾಖಲೆಯ ಲ್ಯಾಪ್ ಬೇಡ, ಅದರಲ್ಲಿ ಏನು ನಡೆಯುತ್ತಿದೆ ಎಂದು ಈಗಲೇ ತಿಳಿಯುವುದಿಲ್ಲ. ವೇಗದ ಗೆರೆಯಲ್ಲಿ ಪ್ರತಿ ಕಣಿವೆಯ ತಳ ನೋಡಿ. ಅವರ ತಳ ನಿಮ್ಮದಕ್ಕಿಂತ ಮೇಲಿದ್ದರೆ ನೀವು ಜಾಸ್ತಿ ನಿಧಾನ ಮಾಡುತ್ತಿದ್ದೀರಿ. ತಳ ಒಂದೇ ಆಗಿದ್ದು ಅವರು ಬೇಗ ಮೇಲೇರಿದರೆ ನಿಮ್ಮ ಎಪೆಕ್ಸ್ ಬೇಗ ಆಗಿದೆ. ಈ ಎರಡನ್ನು ಗುರುತಿಸಲು ಕಲಿತರೆ ಉಳಿದ ಗ್ರಾಫ್‌ಗಳಿಗೆ ಆಮೇಲೆ ಹೋಗಬಹುದು.

ವಿಟಿಯು ಕಾಲೇಜುಗಳಲ್ಲಿ ಮೆಕ್ಯಾನಿಕಲ್, ಆಟೊಮೊಬೈಲ್ ಓದುವವರಿಗೆ ಇನ್ನೊಂದು ಮಾತು. ಟೈರ್, ಭಾರ ವರ್ಗಾವಣೆ, ಸಸ್ಪೆನ್ಷನ್ ಪಾಠಗಳನ್ನು ಗೆರೆಗಳಲ್ಲಿ ಕಣ್ಣಾರೆ ನೋಡಲು ಇದಕ್ಕಿಂತ ಅಗ್ಗದ ಪ್ರಯೋಗಾಲಯ ನನಗೆ ಗೊತ್ತಿಲ್ಲ.

ವಿಜಯಪುರದ ಬೇಸಿಗೆಯಲ್ಲಿ ಮಧ್ಯಾಹ್ನ ಟೈಮ್ ಕೆಡುತ್ತದೆ. ನಿಜವೋ ಭ್ರಮೆಯೋ?

ನಿಜ ಇರಬಹುದು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ಕಂಪ್ಯೂಟರ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ಫ್ರೇಮ್‌ಗಳು ತಪ್ಪುತ್ತವೆ. ಬ್ರೇಕ್ ಜಾಗದಲ್ಲಿ ಒಂದು ತಡವರಿಕೆ ಬಂದರೂ 250ರ ವೇಗದಲ್ಲಿ 0.1 ಸೆಕೆಂಡಿಗೆ 7 ಮೀಟರ್ ಹೋಗಿರುತ್ತದೆ. ಗ್ರಾಫಿಕ್ಸ್ ಇಳಿಸಿ, ಫ್ರೇಮ್ ಸಂಖ್ಯೆ ಸ್ಥಿರವಾಗಿರಲಿ. ನೆರಳು, ಕನ್ನಡಿಯ ಗುಣಮಟ್ಟ ಮೊದಲು ಕತ್ತರಿಸಿ. ಕ್ಯಾಬಿನೆಟ್ ಧೂಳು ತೆಗೆಯಿರಿ, ನಮ್ಮ ಕಡೆ ಧೂಳು ಕೇಳಬೇಕೇ? ಕೈ ಬೆವರಿದರೆ ತೆಳ್ಳನೆ ಕೈಗವಸು ಹಾಕಿ. ಆದರೆ ಆದಷ್ಟೂ ಬೆಳಗಿನ ಹೊತ್ತು ಓಡಿಸಿ, ಕಣ್ಣೂ ಚುರುಕಾಗಿರುತ್ತದೆ.

ಕರೆಂಟ್ ಹೋಗುವ ಕಡೆ ಯುಪಿಎಸ್ ಇಡಿ, ಅದಕ್ಕೆ ರೂಟರನ್ನೂ ಸೇರಿಸಿ.

ವ್ಹೀಲ್ ಇಲ್ಲ, ಗೇಮ್‌ಪ್ಯಾಡ್ ಇದೆ. ಸಾಲುತ್ತಾ?

ಗ್ರ್ಯಾನ್ ಟುರಿಸ್ಮೊ, ಫೋರ್ಜಾದಲ್ಲಿ ಆರಾಮಾಗಿ ಸಾಲುತ್ತದೆ. ಬ್ರೇಕ್ ಟ್ರಿಗರನ್ನು ಬೆರಳಿನಿಂದ ನಿಧಾನ ಬಿಡುವ ಅಭ್ಯಾಸ ಈಗಿನಿಂದಲೇ ಮಾಡಿ. ಮೇಲೆ ಹೇಳಿದ ಟ್ರೈಲ್ ಬ್ರೇಕಿಂಗ್ ಅದರಲ್ಲೂ ಬರುತ್ತದೆ.

ಸಿಮ್‌ನಲ್ಲಿ ವೇಗ ಬಂದರೆ ನಿಜವಾದ ರೇಸಿಂಗ್‌ಗೆ ಹೋಗಬಹುದಾ?

ಹೋದವರು ಇದ್ದಾರೆ. ಗ್ರ್ಯಾನ್ ಟುರಿಸ್ಮೊ ಆಡುತ್ತಿದ್ದ ಜಾನ್ ಮಾರ್ಡನ್‌ಬರೋ 2011ರಲ್ಲಿ ಜಿಟಿ ಅಕಾಡೆಮಿ ಎಂಬ ಸ್ಪರ್ಧೆ ಗೆದ್ದು ಮುಂದೆ ಫ್ರಾನ್ಸ್‌ನ ಲೆ ಮಾನ್ಸ್ 24 ಗಂಟೆಗಳ ರೇಸ್‌ನಲ್ಲಿ ಓಡಿಸಿದರು. ಸಿಮ್‌ನಿಂದ ಬಂದ ಕ್ರಿಸ್ ಲುಲ್ಹ್ಯಾಮ್ 2025ರಲ್ಲಿ ಫಾರ್ಮುಲಾ 1 ಚಾಲಕ ಮ್ಯಾಕ್ಸ್ ವೆರ್ಸ್ಟಾಪನ್ ಜೊತೆ ಒಂದೇ ಕಾರಿನಲ್ಲಿ ನಾರ್ಡ್‌ಶ್ಲೈಫೆ ರೇಸ್ ಗೆದ್ದರು. ಇಂಥವರು ಕೆಲವೇ ಜನ. ನಿಜವಾದ ಕಾರಿನಲ್ಲಿ ಮೈಗೆ ಬರುವ ಬಲ, ಬಿಸಿ, ಭಯ ಬೇರೆ. ನಮ್ಮ ಕಡೆಯಿಂದ ಹೋಗುವವರಿಗೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ 3.7 ಕಿ.ಮೀ.ಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. ಮೊದಲು ಗೋ-ಕಾರ್ಟ್ ಓಡಿಸಿ ನೋಡಿ.

ಆದರೆ ಒಂದು ಮಾತು ಬಹಳ ಕಳಕಳಿಯಿಂದ ಹೇಳುತ್ತೇನೆ. ಜಾಂಬೋಟಿ, ಕಣಕುಂಬಿ ದಾಟಿ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟ್‌ನಲ್ಲಿ ಎಪೆಕ್ಸ್ ಹುಡುಕಬೇಡಿ. ಅಲ್ಲಿ ಎದುರಿಗೆ ಲಾರಿ ಬರುತ್ತದೆ, ಮಳೆಗಾಲದಲ್ಲಿ ಮಂಜು, ಕೆಸರು, ಬಿದ್ದ ಮರ. ಸಿಮ್‌ನಲ್ಲಿ ಟ್ರ್ಯಾಕ್‌ನ ಪೂರ್ತಿ ಅಗಲ ನಿಮ್ಮದು, ಘಾಟ್‌ನಲ್ಲಿ ಅರ್ಧ ರಸ್ತೆ ಎದುರಿನವರದು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 189ರ ಪ್ರಕಾರ ಅಪರಾಧವೂ ಹೌದು.

ಆನ್‌ಲೈನ್‌ನಲ್ಲಿ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಜಾಸ್ತಿ ಬರುತ್ತದೆ. ಲ್ಯಾಪ್ ಟೈಮ್‌ಗೆ ತೊಂದರೆಯಾ?

ಟೈಮ್‌ಗೆ ಇಲ್ಲ, ನಿಮ್ಮ ಕಾರಿನ ಲೆಕ್ಕ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಪಕ್ಕದ ಕಾರು ಎಲ್ಲಿದೆ ಎಂಬುದು ಮಾತ್ರ ತಡವಾಗಿ ತಿಳಿಯುತ್ತದೆ. ಜರ್ಮನಿ ಇಲ್ಲಿಂದ ಸುಮಾರು 7,000 ಕಿ.ಮೀ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಹೋಗಿ ಬರಲು ಕನಿಷ್ಠ 70 ಮಿಲಿಸೆಕೆಂಡು ಬೇಕೇ ಬೇಕು, ನಿಜದಲ್ಲಿ ಅದಕ್ಕಿಂತ ಜಾಸ್ತಿ. ಯಾವ ಇಂಟರ್‌ನೆಟ್ ಹಾಕಿಸಿದರೂ ಅದು ಕಡಿಮೆ ಆಗದು. ಮುಂಬೈ ಅಥವಾ ಸಿಂಗಪುರದ ಸರ್ವರ್ ಸಿಕ್ಕರೆ ಅದನ್ನೇ ಆರಿಸಿ. ವೈಫೈ ಬಿಟ್ಟು ಕೇಬಲ್ ಎಳೆಯಿರಿ. ಯುರೋಪ್ ಸರ್ವರ್‌ನಲ್ಲಿ ಪಕ್ಕಪಕ್ಕ ಹೋಗುವಾಗ ಎಂದಿಗಿಂತ ಅರ್ಧ ಕಾರಿನಷ್ಟು ಹೆಚ್ಚು ಜಾಗ ಬಿಡಿ.

ಒಬ್ಬನೇ ಓಡಿಸುವಾಗ ವೇಗ ಇದೆ, ರೇಸ್‌ನಲ್ಲಿ ಹಿಂದೆ ಬೀಳುತ್ತೇನೆ.

ಒಬ್ಬರೇ ಇದ್ದಾಗ ನೂರು ಪ್ರತಿಶತ ಓಡಿಸುತ್ತೀರಿ, ತಪ್ಪಿದರೆ ರೀಸೆಟ್. ರೇಸ್‌ನಲ್ಲಿ ಆ ಗುಂಡಿ ಇಲ್ಲ. ಅಭ್ಯಾಸದಲ್ಲೂ ರೀಸೆಟ್ ಬಿಟ್ಟುಬಿಡಿ. ರೇಸ್‌ನಷ್ಟೇ ಇಂಧನ ತುಂಬಿ, ಇಪ್ಪತ್ತು ನಿಮಿಷ ನಿಲ್ಲದೆ ಓಡಿಸಿ, ಜಾರಿದರೂ ಮುಂದುವರಿಸಿ. ಉತ್ತಮ ಲ್ಯಾಪ್ ನೋಡಬೇಡಿ, ಸರಾಸರಿ ನೋಡಿ.

ಮೊದಲ ತಿರುವಿಗೆ ಎಂದಿಗಿಂತ ಬೇಗ ಬ್ರೇಕ್ ಹಾಕಿ. ಟೈರ್ ತಣ್ಣಗಿರುತ್ತದೆ, ಟ್ಯಾಂಕ್ ತುಂಬಿರುತ್ತದೆ, ಮುಂದಿನ ಕಾರುಗಳೆಲ್ಲ ಒಂದರ ಹಿಂದೆ ಒಂದು ನಿಧಾನ ಆಗುತ್ತವೆ. ಮುಂದಿನ ಕಾರಿನ ಹಿಂಭಾಗವನ್ನೇ ದಿಟ್ಟಿಸಿದರೆ ಅವರು ತಪ್ಪಿದಲ್ಲಿ ನೀವೂ ತಪ್ಪುತ್ತೀರಿ. ಅವರ ಮುಂದಿನ ಕಾರಿನ ಬ್ರೇಕ್ ದೀಪ ನೋಡಿ. ಹಿಂದಿನಿಂದ ಯಾರಾದರೂ ಒತ್ತಡ ಹಾಕಿದಾಗ ಕನ್ನಡಿಯನ್ನು ನೇರ ರಸ್ತೆಯಲ್ಲಿ ಒಮ್ಮೆ ನೋಡಿ ಸಾಕು, ಬ್ರೇಕ್ ಜಾಗ ಬಂದ ಮೇಲೆ ನೋಡಬೇಡಿ. ಒಳಗಿನ ಜಾಗ ಅವರು ಹಿಡಿದರೆ ಬಿಟ್ಟುಕೊಟ್ಟು, ಹೊರಗಿನಿಂದ ಬಂದು ತಡವಾಗಿ ಎಪೆಕ್ಸ್ ಮುಟ್ಟಿ. ಒಳಗಿನಿಂದ ನುಗ್ಗಿದವರ ಕಾರು ಹೊರಗೆ ತೇಲುತ್ತದೆ, ಆಗ ಒಳಗಿನ ಜಾಗ ನಿಮಗೆ ಸಿಗುತ್ತದೆ. ಸಿಗದಿದ್ದರೆ ಅವರ ಹಿಂದೆಯೇ ಗಾಳಿ ತಪ್ಪಿಸಿಕೊಂಡು ಹೋಗಿ, ಮುಂದಿನ ಬ್ರೇಕ್ ಜಾಗದಲ್ಲಿ ಒಳಗೆ ಬನ್ನಿ.